ಸಾದಾ ಕ್ವಿನೋವಾ ಬೇಯಿಸುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಒಂದೇ ಅಡುಗೆಯ ವಿಚಾರ. ತಟ್ಟೆಯಲ್ಲಿ ಪಲ್ಯ, ಹುಳಿ, ಸಾಗು ಅಥವಾ ಮೀನು, ಮಾಂಸದ ಪಕ್ಕಕ್ಕೆ ಬಡಿಸಿಕೊಳ್ಳಲು ಉಪ್ಪು ಮತ್ತು ಒಂದಿಷ್ಟು ತುಪ್ಪವನ್ನು ಬಿಟ್ಟರೆ ಬೇರೇನನ್ನೂ ಬೇಡದ, ಉದುರುದುರಾದ ಸಾದಾ ಕ್ವಿನೋವಾವನ್ನು ಮಾಡಿಕೊಳ್ಳುವುದು ಹೇಗೆ ಎಂಬುದನ್ನು ವಿವರವಾಗಿ ಹೇಳಲಾಗಿದೆ. ಈ ಕಾಳು ಕಹಿ, ಮುದ್ದೆಯಾಗುತ್ತದೆ, ಬಾಯಿಗೆ ರುಚಿಸುವುದಿಲ್ಲ ಎಂಬ ದೂರುಗಳು ಸಾಮಾನ್ಯವಾಗಿ ಕಾಳಿನ ದೋಷದಿಂದ ಬಂದವಲ್ಲ. ತೊಳೆಯುವಾಗ, ನೀರನ್ನು ಅಳೆಯುವಾಗ ಮತ್ತು ಒಲೆ ಆರಿಸಿದ ಮೇಲೆ ತೋರುವ ಅವಸರವೇ ಅವುಗಳ ಮೂಲ.

ಕ್ವಿನೋವಾ ಸಿರಿಧಾನ್ಯವೇ?

ಅಲ್ಲ. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು ಇವೆಲ್ಲ ಹುಲ್ಲಿನ ಕುಟುಂಬಕ್ಕೆ ಸೇರಿದವು. ಕ್ವಿನೋವಾ ಆ ಕುಟುಂಬದ್ದಲ್ಲ. ಅದು ದಂಟು, ಪಾಲಕ್ ಮತ್ತು ಬೀಟ್‌ರೂಟ್‌ಗಳ ಬಳಗಕ್ಕೆ ಸೇರಿದ ಒಂದು ಗಿಡದ ಬೀಜ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಚೀನೋಪೋಡಿಯಂ ಕ್ವಿನೋವಾ ಎಂದು ಹೆಸರು. ಉತ್ತರ ಭಾರತದವರು ಚಳಿಗಾಲದಲ್ಲಿ ಸೊಪ್ಪಾಗಿ ಬಳಸುವ ಬಥುವಾ ಕೂಡ ಇದೇ ಕುಲದ ಗಿಡ. ಹುಲ್ಲಿನ ಧಾನ್ಯವಲ್ಲದಿದ್ದರೂ ಧಾನ್ಯದಂತೆಯೇ ಬೇಯಿಸಿ ತಿನ್ನುವ ಕಾರಣ ರಾಜಗಿರಾ ಮತ್ತು ಹುರುಳಿಗೋಧಿ ಎಂದು ಕೆಲವರು ಕರೆಯುವ ಕುಟ್ಟುವಿನ ಸಾಲಿನಲ್ಲಿ ಇದನ್ನು ಸೇರಿಸುತ್ತಾರೆ.

ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶ. ಪೆರು ಮತ್ತು ಬೊಲಿವಿಯಾ ದೇಶಗಳ ಗಡಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿರುವ ಟಿಟಿಕಾಕಾ ಸರೋವರದ ಸುತ್ತಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಬೆಳೆಗೆ ತಂದರು. ಇಂದಿಗೂ ಕೆಚುವಾ ಮತ್ತು ಐಮಾರಾ ಸಮುದಾಯಗಳ ರೈತರು ಅಲ್ಲಿ ಇದನ್ನು ಬೆಳೆಯುತ್ತಾರೆ. ವಿಶ್ವಸಂಸ್ಥೆ 2013ನ್ನು ಅಂತರರಾಷ್ಟ್ರೀಯ ಕ್ವಿನೋವಾ ವರ್ಷವೆಂದು ಆಚರಿಸಿತು. ಹತ್ತು ವರ್ಷಗಳ ನಂತರ, 2023ರಲ್ಲಿ, ನಮ್ಮ ಸಿರಿಧಾನ್ಯಗಳಿಗೆ ಅದೇ ಗೌರವ ಸಂದಿತು. ಎರಡನ್ನೂ ಅಂಗಡಿಯವರು ಒಂದೇ ಕಪಾಟಿನಲ್ಲಿ ಇಡುವುದರಿಂದ ಗೊಂದಲವಾಗುವುದು ಸಹಜ.

ಬಿಳಿ, ಕೆಂಪು, ಕಪ್ಪು ಎಂಬ ಮೂರು ಬಣ್ಣಗಳಲ್ಲಿ ಯಾವುದನ್ನು ಕೊಳ್ಳಬೇಕು?

ಮೊದಲ ಸಲ ಮಾಡುವವರು ಬಿಳಿಯದನ್ನೇ ಕೊಳ್ಳುವುದು ಒಳ್ಳೆಯದು. ಅದು ಬೇಗ ಬೇಯುತ್ತದೆ, ಮೆತ್ತಗಿರುತ್ತದೆ ಮತ್ತು ಸಾರು, ಹುಳಿಯ ರಸವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಕೆಂಪು ಮತ್ತು ಕಪ್ಪು ಕಾಳುಗಳ ಹೊರಪದರ ಗಟ್ಟಿ. ಬೆಂದ ಮೇಲೂ ಅವು ಹಲ್ಲಿಗೆ ಸಿಗುತ್ತವೆ ಮತ್ತು ಆಕಾರ ಕಳೆದುಕೊಳ್ಳುವುದಿಲ್ಲವಾದ್ದರಿಂದ ಕೋಸಂಬರಿಯಂತೆ ತಣ್ಣಗೆ ಕಲಸುವ ತಿನಿಸುಗಳಿಗೆ ಹೆಚ್ಚು ಹೊಂದುತ್ತವೆ. ಮೂರನ್ನೂ ಬೆರೆಸಿದ ಪೊಟ್ಟಣಗಳೂ ಸಿಗುತ್ತವೆ. ನೋಡಲು ಚೆಂದವಾದರೂ ಬಿಳಿಕಾಳು ಬೆಂದಾಗ ಕಪ್ಪು ಇನ್ನೂ ಗಟ್ಟಿಯಾಗಿಯೇ ಇರುತ್ತದೆ, ಕಪ್ಪು ಬೇಯುವಷ್ಟರಲ್ಲಿ ಬಿಳಿ ಕರಗಿರುತ್ತದೆ. ಹೀಗಾಗಿ ಸಾದಾ ಅಡುಗೆಗೆ ಒಂದೇ ಬಣ್ಣದ ಕಾಳು ಲೇಸು.

ಬೊಲಿವಿಯಾದ ದಕ್ಷಿಣದ ಉಯುನಿ ಉಪ್ಪುಬಯಲಿನ ಸುತ್ತ ಬೆಳೆಯುವ ‘ಕಿನುವಾ ರಿಯಾಲ್’ ಎಂಬ ಬಗೆಯ ಕಾಳು ದಪ್ಪನಾಗಿರುತ್ತದೆ. ಪೊಟ್ಟಣದ ಮೇಲೆ ರಾಯಲ್ ಕ್ವಿನೋವಾ ಎಂದಿದ್ದರೆ ಅದು ಇದೇ ಬಗೆಯನ್ನು ಸೂಚಿಸುತ್ತದೆ. ಭಾರತದಲ್ಲಿ ರಾಜಸ್ಥಾನ ಮತ್ತು ಆಂಧ್ರಪ್ರದೇಶದ ಕೆಲವು ಒಣಪ್ರದೇಶಗಳಲ್ಲಿ ರೈತರು ಕ್ವಿನೋವಾ ಬೆಳೆದಿದ್ದಾರೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಕೂಡ ಚಿಯಾ ಮತ್ತು ಕ್ವಿನೋವಾ ಬೆಳೆಗಳ ಮೇಲೆ ಕೆಲಸ ಮಾಡಿದೆ. ಸ್ಥಳೀಯವಾಗಿ ಬೆಳೆದ ಕಾಳು ಸಿಕ್ಕರೆ ಧಾರಾಳವಾಗಿ ಕೊಳ್ಳಿ, ಆದರೆ ತೊಳೆಯುವ ವಿಷಯದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಎಚ್ಚರ ವಹಿಸಿ.

ತೊಳೆಯುವುದು ಅಷ್ಟು ಮುಖ್ಯವೇ? ಪೊಟ್ಟಣದ ಮೇಲೆ ‘ತೊಳೆದದ್ದು’ ಎಂದೇ ಬರೆದಿರುತ್ತದಲ್ಲ?

ಈ ಅಡುಗೆಯಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲ. ಕ್ವಿನೋವಾ ಕಾಳಿನ ಹೊರಪದರದಲ್ಲಿ ಸಪೋನಿನ್ ಎಂಬ ಕಹಿ ಪದಾರ್ಥವಿರುತ್ತದೆ. ಹಕ್ಕಿಗಳೂ ಕೀಟಗಳೂ ತಿನ್ನದಂತೆ ಗಿಡ ತನ್ನ ಬೀಜಕ್ಕೆ ಕಟ್ಟಿಕೊಂಡ ಕಾವಲು ಅದು. ನಮ್ಮಲ್ಲಿ ತಲೆಗೂದಲಿಗೂ ರೇಷ್ಮೆಬಟ್ಟೆಗೂ ಬಳಸುತ್ತಿದ್ದ ಅಂಟವಾಳದ ಕಾಯಿಯಲ್ಲಿ ನೊರೆ ಬರಿಸುವುದು ಇದೇ ವರ್ಗದ ಪದಾರ್ಥ. ಹಾಗಾಗಿ ಸರಿಯಾಗಿ ತೊಳೆಯದ ಕ್ವಿನೋವಾ ನಾಲಿಗೆಗೆ ಸೋಪಿನ ರುಚಿಯಂತೆ ತಾಗುವುದರಲ್ಲಿ ಆಶ್ಚರ್ಯವಿಲ್ಲ. ಕೆಲವರಿಗೆ ಹೊಟ್ಟೆಯೂ ಕೆಡಬಹುದು.

ಆಂಡಿಸ್‌ನ ಮನೆಗಳಲ್ಲಿ ಈ ಕಹಿ ತೆಗೆಯುವುದೇ ಒಂದು ದೊಡ್ಡ ಶ್ರಮ. ಕಾಳನ್ನು ಕಾಯಿಸಿ, ಕಲ್ಲಿನ ಕುಣಿಯಲ್ಲಿ ಹಾಕಿ ಕಾಲಿನಿಂದ ತುಳಿದು ಸಿಪ್ಪೆ ಬಿಡಿಸಿ, ಗಾಳಿಗೆ ತೂರಿ, ಆಮೇಲೆ ನೀರು ಬದಲಿಸುತ್ತಾ ಹಲವು ಸಲ ತೊಳೆಯುತ್ತಾರೆ. ಈ ಕೆಲಸ ಬಹುಪಾಲು ಹೆಂಗಸರದ್ದೇ ಆಗಿತ್ತು. ಈಗ ಯಂತ್ರಗಳು ಉಜ್ಜಿ ತೊಳೆದು ಒಣಗಿಸಿ ಕಳುಹಿಸುತ್ತವೆಯಾದರೂ ಪ್ರತಿಯೊಂದು ಪೊಟ್ಟಣದಲ್ಲೂ ಆ ಕೆಲಸ ಒಂದೇ ಸಮನಾಗಿ ಆಗಿರುತ್ತದೆ ಎಂದು ನಂಬಿಕೊಳ್ಳುವಂತಿಲ್ಲ. ಆದ್ದರಿಂದ ಪೊಟ್ಟಣ ಏನೇ ಹೇಳಲಿ, ಮನೆಯಲ್ಲಿ ಇನ್ನೊಮ್ಮೆ ತೊಳೆಯಲೇಬೇಕು. ಅದಕ್ಕೆ ಹಿಡಿಯುವುದು ಎರಡು ನಿಮಿಷ.

ಅಕ್ಕಿ ತೊಳೆದಂತೆ ತೊಳೆದರೆ ಕಾಳೆಲ್ಲ ನೀರಿನ ಜೊತೆ ಹೋಗುತ್ತದೆ. ಏನು ಮಾಡುವುದು?

ಕ್ವಿನೋವಾ ಕಾಳಿನ ಅಗಲ ಸುಮಾರು ಎರಡು ಮಿಲಿಮೀಟರ್ ಮಾತ್ರ, ತೂಕವೂ ಕಡಿಮೆ. ಅಂಗೈ ಅಡ್ಡ ಹಿಡಿದು ಪಾತ್ರೆ ಬಗ್ಗಿಸುವ ನಮ್ಮ ಎಂದಿನ ಕ್ರಮದಲ್ಲಿ ಅದು ಬೆರಳುಗಳ ಸಂದಿನಿಂದ ಜಾರಿಹೋಗುತ್ತದೆ. ತರಕಾರಿ ಬಸಿಯುವ ತೂತಿನ ಬುಟ್ಟಿಯೂ ಇದಕ್ಕೆ ಆಗದು. ಹಿಟ್ಟು ಜರಡಿ ಹಿಡಿಯುವಂಥ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಬೇಕು. ಅದಿಲ್ಲದಿದ್ದರೆ ದೊಡ್ಡ ಟೀ ಸೋಸುವ ಜಾಲರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ತೊಳೆಯಬಹುದು, ಅಥವಾ ಬುಟ್ಟಿಯೊಳಗೆ ತೆಳುವಾದ ಬಿಳಿ ಹತ್ತಿಬಟ್ಟೆ ಹಾಸಿಕೊಳ್ಳಬಹುದು.

ಮೊದಲು ಕಾಳನ್ನು ಅಗಲವಾದ ಪಾತ್ರೆಗೆ ಹಾಕಿ, ಮುಳುಗುವಷ್ಟು ನೀರು ಬಿಟ್ಟು, ಬೆರಳುಗಳಿಂದ ಕಲಕಿ, ಅಂಗೈಗಳ ನಡುವೆ ಮೆಲ್ಲಗೆ ಉಜ್ಜಿ. ನೀರು ಮಸುಕಾಗಿ, ಅಂಚಿನುದ್ದಕ್ಕೂ ಸಣ್ಣ ಗುಳ್ಳೆಗಳ ಬಿಳಿ ನೊರೆ ಕಟ್ಟುತ್ತದೆ. ಅದೇ ಸಪೋನಿನ್. ಜಾಲರಿಯಲ್ಲಿ ಬಸಿದು ಮತ್ತೆ ಹೊಸ ನೀರು ಹಾಕಿ. ನಾಲ್ಕೈದು ಸಲ ಹೀಗೆ ಮಾಡಿದಾಗ ನೊರೆ ನಿಂತು ನೀರು ತಿಳಿಯಾಗುತ್ತದೆ. ಸಂಶಯವಿದ್ದರೆ ಒಂದು ಚಮಚ ಕಾಳನ್ನು ಮುಚ್ಚಳವಿರುವ ಗಾಜಿನ ಸೀಸೆಗೆ ನೀರಿನೊಂದಿಗೆ ಹಾಕಿ ಅರ್ಧ ನಿಮಿಷ ಜೋರಾಗಿ ಅಲ್ಲಾಡಿಸಿ ಇಡಿ. ನೊರೆ ಕೂಡಲೇ ಒಡೆದು ಹೋದರೆ ಸಾಕಷ್ಟು ತೊಳೆದಾಗಿದೆ, ಪದರವಾಗಿ ನಿಂತರೆ ಇನ್ನೂ ತೊಳೆಯಬೇಕು. ಕಾಳಿನಲ್ಲಿ ಸಪೋನಿನ್ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಅಂದಾಜು ಮಾಡುವ ಒಂದು ಸರಳ ವಿಧಾನವೂ ನೊರೆಯ ಎತ್ತರವನ್ನು ಅಳೆಯುವುದೇ ಆಗಿದೆ.

ಕೊನೆಗೆ ಜಾಲರಿಯನ್ನು ಪಾತ್ರೆಯ ಮೇಲೆ ಓರೆಯಾಗಿ ಇಟ್ಟು ನೀರನ್ನು ಪೂರ್ತಿ ಬಸಿಯಲು ಬಿಡಿ. ಈ ಹೆಜ್ಜೆಯನ್ನು ಬಿಟ್ಟರೆ ಕಾಳಿಗೆ ಅಂಟಿಕೊಂಡ ನೀರು ಅಳತೆಗೆ ಸೇರಿಕೊಂಡು ಅಡುಗೆ ಮುದ್ದೆಯಾಗುತ್ತದೆ.

ನೆನೆಸಬೇಕೇ?

ಕಡ್ಡಾಯವಲ್ಲ. ಕಹಿ ಹೆಚ್ಚಿರುವ ಕಾಳಾದರೆ ಕಾಲು ಗಂಟೆಯಿಂದ ಅರ್ಧ ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಮತ್ತೊಮ್ಮೆ ತೊಳೆದರೆ ಅನುಕೂಲವಾಗುತ್ತದೆ. ನೆನೆಸಿದ ಕಾಳಿಗೆ ಬೇಯಿಸುವ ನೀರನ್ನು ಪ್ರತಿ ಕಪ್ಪಿಗೆ ಕಾಲು ಕಪ್ಪಿನಷ್ಟು ಕಡಿಮೆ ಮಾಡಬೇಕು.

ಒಂದು ಕಪ್ ಕಾಳಿಗೆ ಎಷ್ಟು ನೀರು?

ಬಹಳಷ್ಟು ಪೊಟ್ಟಣಗಳ ಮೇಲೆ ಒಂದಕ್ಕೆ ಎರಡು ಎಂದು ಮುದ್ರಿಸಿರುತ್ತಾರೆ. ಆ ಅಳತೆಯಲ್ಲಿ ಕಾಳು ಖಂಡಿತ ಬೇಯುತ್ತದೆ, ಆದರೆ ಹೆಚ್ಚಾಗಿ ಮೆತ್ತಗಾಗುತ್ತದೆ. ತೊಳೆದು ಬಸಿದ ಬಿಳಿ ಕ್ವಿನೋವಾ ಒಂದು ಕಪ್ಪಿಗೆ ಒಂದೂಮುಕ್ಕಾಲು ಕಪ್ ನೀರು ಹಾಕುವುದು ನಮ್ಮ ಸಲಹೆ. ಕೆಂಪು ಮತ್ತು ಕಪ್ಪಿಗೆ ಎರಡು ಕಪ್ ಬೇಕಾಗುತ್ತದೆ. ಪಾತ್ರೆ ಅಗಲವಾಗಿದ್ದು ಮುಚ್ಚಳ ಸಡಿಲವಿದ್ದರೆ ಹೆಚ್ಚು ನೀರು ಆವಿಯಾಗುವುದರಿಂದ ಎರಡು ಚಮಚ ನೀರು ಹೆಚ್ಚಿಗೆ ಹಾಕಿಕೊಳ್ಳಿ.

ಒಂದು ಕಪ್ ಹಸಿ ಕಾಳು ಎಂದರೆ ಸುಮಾರು 170 ಗ್ರಾಂ. ಬೆಂದಾಗ ಅದು ಸುಮಾರು ಮೂರು ಕಪ್ ಆಗುತ್ತದೆ. ಬೇರೆ ವ್ಯಂಜನಗಳೂ ಇರುವ ಊಟದಲ್ಲಿ ಇದು ನಾಲ್ಕು ಜನಕ್ಕೆ ಸಾಕು.

ಒಲೆಯ ಮೇಲೆ ಮಾಡುವ ಕ್ರಮವನ್ನು ಮೊದಲಿನಿಂದ ಹೇಳಬಹುದೇ?

ದಪ್ಪ ತಳದ ಪಾತ್ರೆಯಲ್ಲಿ ಒಂದು ಚಮಚ ತುಪ್ಪ ಅಥವಾ ಎಣ್ಣೆ ಬಿಸಿ ಮಾಡಿ, ತೊಳೆದು ಬಸಿದ ಒಂದು ಕಪ್ ಕ್ವಿನೋವಾ ಹಾಕಿ, ನಡು ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಯಾಡಿಸಿ. ಮೊದಲು ಕಾಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ನೀರಿನಂಶ ಆರಿದಂತೆ ಬಿಡಿಬಿಡಿಯಾಗಿ, ಸೌಟಿಗೆ ಮರಳಿನಂತೆ ಸರಿಯತೊಡಗುತ್ತದೆ ಮತ್ತು ಸಣ್ಣಗೆ ಚಟಪಟ ಸದ್ದು ಕೇಳಿಸುತ್ತದೆ. ಹುರಿದ ಕಡಲೆಯನ್ನು ನೆನಪಿಸುವ ಪರಿಮಳ ಬಂದಾಗ ಒಂದೂಮುಕ್ಕಾಲು ಕಪ್ ನೀರನ್ನೂ ಅರ್ಧ ಟೀ ಚಮಚ ಉಪ್ಪನ್ನೂ ಸೇರಿಸಿ. ನೀರು ಬಿಸಿಯಾಗಿದ್ದರೆ ಇನ್ನೂ ಒಳ್ಳೆಯದು. ಹುರಿಯುವ ಹಂತವನ್ನು ಬಿಟ್ಟರೂ ಅಡುಗೆ ಆಗುತ್ತದೆ, ಆದರೆ ಈ ಕಾಳಿನ ಮಟ್ಟಿಗೆ ರುಚಿ ಹುಟ್ಟುವುದು ಬಹುಮಟ್ಟಿಗೆ ಇಲ್ಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ನೀರು ಕುದಿ ಬಂದ ಮೇಲೆ ಉರಿಯನ್ನು ಪೂರ್ತಿ ಸಣ್ಣ ಮಾಡಿ, ಮುಚ್ಚಳ ಭದ್ರವಾಗಿ ಮುಚ್ಚಿ, ಹನ್ನೆರಡರಿಂದ ಹದಿನೈದು ನಿಮಿಷ ಬಿಡಿ. ನಡುವೆ ಸೌಟು ಆಡಿಸಬಾರದು. ಕಲಕಿದರೆ ಬೇಯುತ್ತಿರುವ ಕಾಳು ಒಡೆದು ಅದರ ಪಿಷ್ಟ ನೀರಿಗೆ ಸೇರಿ ಅಂಟಂಟಾಗುತ್ತದೆ. ಹನ್ನೆರಡು ನಿಮಿಷವಾದಾಗ ಒಮ್ಮೆ ಮುಚ್ಚಳ ತೆಗೆದು ನೋಡಬಹುದು. ನೀರು ಇಂಗಿ, ಮೇಲ್ಮೈಯಲ್ಲಿ ಹಬೆ ಹೊರಬಂದ ಸಣ್ಣ ಸಣ್ಣ ರಂಧ್ರಗಳು ಕಾಣುತ್ತಿದ್ದರೆ ಒಲೆ ಆರಿಸುವ ಹೊತ್ತಾಗಿದೆ. ಆರಿಸಿದ ಮೇಲೆ ಮುಚ್ಚಳ ಮುಚ್ಚಿಯೇ ಹತ್ತು ನಿಮಿಷ ಬಿಟ್ಟು, ಆಮೇಲೆ ಫೋರ್ಕಿನಿಂದ ಅಂಚಿನಿಂದ ನಡುವಿಗೆ ಮೆಲ್ಲಗೆ ಬಿಡಿಸಿ. ಅಗಲ ಸೌಟು ಬಳಸಿದರೆ ಕಾಳು ಅದುಮಿಹೋಗುತ್ತದೆ.

ಬೆಂದಿದೆ ಎಂದು ತಿಳಿಯುವುದು ಹೇಗೆ?

ಒಂದು ಕಾಳನ್ನು ಬೆರಳ ತುದಿಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿ. ಹಸಿಯಾಗಿದ್ದಾಗ ಅದು ಪೂರ್ತಿ ಅಪಾರದರ್ಶಕವಾದ ಬಿಳಿ ಚುಕ್ಕೆ. ಬೆಂದ ಮೇಲೆ ನಡುವಿನ ಭಾಗ ಗಾಜಿನಂತೆ ತಿಳಿಯಾಗಿ ಉಬ್ಬಿರುತ್ತದೆ ಮತ್ತು ಅದರ ಸುತ್ತ ಒಂದು ಬಿಳಿ ದಾರದ ಸುರುಳಿ ಬಿಡಿಸಿಕೊಂಡು ಹೊರಬಂದಿರುತ್ತದೆ. ಕೆಲವರು ಇದನ್ನು ಕಂಡು ಹುಳುವೆಂದು ಹೆದರುವುದುಂಟು. ಅದು ಹುಳುವಲ್ಲ, ಬೀಜದ ಭ್ರೂಣ. ಈ ಗಿಡದ ಬೀಜದಲ್ಲಿ ಭ್ರೂಣ ಪಿಷ್ಟದ ಸುತ್ತ ಉಂಗುರದಂತೆ ಸುತ್ತಿಕೊಂಡಿರುತ್ತದೆ, ಬೇಯುವಾಗ ಕಳಚಿಕೊಳ್ಳುತ್ತದೆ. ಕಾಳಿನ ಪ್ರೋಟೀನ್ ಮತ್ತು ಕೊಬ್ಬಿನ ದೊಡ್ಡ ಪಾಲು ಇರುವುದು ಆ ದಾರದಲ್ಲೇ. ತಿನ್ನುವಾಗ ಹಲ್ಲಿಗೆ ಸಣ್ಣಗೆ ಕರುಮ್ಮೆನ್ನುವುದೂ ಅದೇ.

ನಡುವೆ ಇನ್ನೂ ಬಿಳಿ ಚುಕ್ಕೆ ಉಳಿದಿದ್ದರೆ ಬೆಂದಿಲ್ಲ. ಕೆಂಪು ಮತ್ತು ಕಪ್ಪು ಬಗೆಗಳಲ್ಲಿ ಸುರುಳಿ ಇಷ್ಟು ಸ್ಪಷ್ಟವಾಗಿ ಕಾಣದಿರುವುದರಿಂದ ತಿಂದು ನೋಡುವುದೇ ಸರಿ. ಅವಕ್ಕೆ ಮೂರರಿಂದ ಐದು ನಿಮಿಷ ಹೆಚ್ಚು ಬೇಕು.

ಒಲೆ ಆರಿಸಿದ ಮೇಲೆ ಹತ್ತು ನಿಮಿಷ ಕಾಯಲೇಬೇಕೇ?

ಕಾಯಲೇಬೇಕು. ಆ ಹೊತ್ತಿನಲ್ಲಿ ಪಾತ್ರೆಯೊಳಗಿನ ಹಬೆ ಸಮನಾಗಿ ಹರಡಿ, ತಳದ ಕಾಳಿನಲ್ಲಿ ಹೆಚ್ಚಾಗಿರುವ ತೇವ ಮೇಲಿನ ಕಾಳಿಗೆ ಸೇರುತ್ತದೆ. ಕೂಡಲೇ ಬಡಿಸಿದರೆ ಮೇಲೆ ಒಣಗಿ ಕೆಳಗೆ ನೀರು ನೀರಾಗಿರುತ್ತದೆ. ಮುಚ್ಚಳದ ಕೆಳಗೆ ಒಂದು ಒಣ ಹತ್ತಿಬಟ್ಟೆಯನ್ನು ಬಿಗಿಯಾಗಿ ಕಟ್ಟಿದರೆ ಮುಚ್ಚಳದಿಂದ ತೊಟ್ಟಿಕ್ಕುವ ಹನಿಗಳನ್ನು ಅದು ಹೀರಿಕೊಂಡು ಕಾಳು ಇನ್ನೂ ಉದುರಾಗುತ್ತದೆ. ಬಟ್ಟೆಯನ್ನು ಒಲೆ ಆರಿಸಿದ ಮೇಲೆಯೇ ಕಟ್ಟಬೇಕು.

ಪ್ರೆಶರ್ ಕುಕ್ಕರ್‌ನಲ್ಲಿ ಮಾಡಬಹುದೇ?

ಮಾಡಬಹುದು. ಆದರೆ ಕುಕ್ಕರ್‌ನಲ್ಲಿ ಒಂದು ನಿಮಿಷದ ವ್ಯತ್ಯಾಸವೂ ಕಾಳನ್ನು ಮುದ್ದೆ ಮಾಡಿಬಿಡುತ್ತದೆ. ನೇರವಾಗಿ ಕುಕ್ಕರ್‌ಗೇ ಹಾಕುವುದಾದರೆ ಒಂದು ಕಪ್ಪಿಗೆ ಒಂದೂವರೆ ಕಪ್ ನೀರು, ನಡು ಉರಿಯಲ್ಲಿ ಒಂದೇ ಕೂಗು. ಆಮೇಲೆ ಒಲೆ ಆರಿಸಿ ಒತ್ತಡ ತಾನಾಗಿ ಇಳಿಯಲು ಬಿಡಿ. ಕುಕ್ಕರ್‌ನೊಳಗೆ ಬೇರೆ ಪಾತ್ರೆ ಇಟ್ಟು ಅನ್ನ ಮಾಡುವ ರೂಢಿಯವರು ಒಂದೂಮುಕ್ಕಾಲು ಕಪ್ ನೀರು ಹಾಕಿ ಎರಡು ಕೂಗು ಕೂಗಿಸಬಹುದು.

ಒಂದು ಎಚ್ಚರಿಕೆ ಅಗತ್ಯ. ಸರಿಯಾಗಿ ತೊಳೆಯದ ಕ್ವಿನೋವಾ ಕುದಿಯುವಾಗ ನೊರೆಯೆದ್ದು ಕಾಳನ್ನೂ ಹೊತ್ತುಕೊಂಡು ಮೇಲೇರುತ್ತದೆ. ಆ ನೊರೆ ಹಬೆ ಹೊರಹೋಗುವ ಕೊಳವೆಯನ್ನು ಕಟ್ಟಿಕೊಳ್ಳಬಹುದು. ಆದ್ದರಿಂದ ಕುಕ್ಕರ್‌ನ ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದು, ಒಂದು ಚಮಚ ಎಣ್ಣೆ ಹಾಕಬೇಕು ಮತ್ತು ಮುಚ್ಚಳ ಹಾಕುವ ಮುನ್ನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಬೇಕು.

ವಿದ್ಯುತ್ ರೈಸ್ ಕುಕ್ಕರ್‌ನಲ್ಲಿ?

ಬಿಳಿ ಅಕ್ಕಿಯ ಕ್ರಮದಲ್ಲೇ, ಒಂದೂಮುಕ್ಕಾಲು ಕಪ್ ನೀರಿನಲ್ಲಿ ಮಾಡಿ. ಗುಂಡಿ ‘ಬೆಚ್ಚಗಿಡು’ ಸ್ಥಿತಿಗೆ ಜಿಗಿದ ಮೇಲೆ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ಹೊರದೇಶದಲ್ಲಿ ಒಂಟಿಯಾಗಿ ಅಡುಗೆ ಮಾಡಿಕೊಳ್ಳುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ.

ನೀರಿನ ಅಳತೆ ಏನು ಮಾಡಿದರೂ ತಪ್ಪುತ್ತದೆ. ಬೇರೆ ಉಪಾಯವಿದೆಯೇ?

ಇದೆ. ಕರಾವಳಿಯ ಮನೆಗಳಲ್ಲಿ ಕುಚ್ಚಲಕ್ಕಿಯನ್ನು ಧಾರಾಳ ನೀರಿನಲ್ಲಿ ಬೇಯಿಸಿ ಗಂಜಿ ಬಸಿಯುವ ಕ್ರಮ ಇದಕ್ಕೂ ಚೆನ್ನಾಗಿ ಹೊಂದುತ್ತದೆ. ಒಂದು ಕಪ್ ಕಾಳಿಗೆ ಆರೇಳು ಕಪ್ ನೀರು ಕುದಿಸಿ, ಉಪ್ಪು ಹಾಕಿ, ಕಾಳನ್ನು ಸುರಿದು, ಮುಚ್ಚದೆ ಹತ್ತರಿಂದ ಹನ್ನೆರಡು ನಿಮಿಷ ಕುದಿಸಿ. ಸುರುಳಿ ಬಿಡಿಸಿಕೊಂಡ ಕೂಡಲೇ ಸಣ್ಣ ಕಣ್ಣಿನ ಜಾಲರಿಯಲ್ಲಿ ಬಸಿದು, ಬಿಸಿಯಾಗಿರುವ ಖಾಲಿ ಪಾತ್ರೆಗೆ ಮತ್ತೆ ಹಾಕಿ, ಮುಚ್ಚಿ ಹತ್ತು ನಿಮಿಷ ಬಿಡಿ. ಉಳಿದ ಕಹಿಯೂ ಈ ನೀರಿನ ಜೊತೆ ಹೊರಟುಹೋಗುತ್ತದೆ. ನೀರಿನಲ್ಲಿ ಕರಗುವ ಜೀವಸತ್ವಗಳೂ ಸ್ವಲ್ಪ ಹೋಗುತ್ತವೆ ಎಂಬುದು ನಿಜ. ಆದರೂ ಮೊದಮೊದಲು ಮಾಡುವವರಿಗೂ ದೊಡ್ಡ ಪ್ರಮಾಣದಲ್ಲಿ ಮಾಡುವವರಿಗೂ ಈ ಕ್ರಮವನ್ನೇ ನಾವು ಹೇಳುತ್ತೇವೆ, ಏಕೆಂದರೆ ಇದರಲ್ಲಿ ಕೆಡುವುದು ಕಷ್ಟ.

ಬೇರೆಯವರಿಗೆ ಹದಿನೈದು ನಿಮಿಷ ಸಾಕಾಗುತ್ತದೆ, ನಮ್ಮಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ. ಯಾಕೆ?

ಮೊದಲ ಕಾರಣ ಕಾಳಿನ ವಯಸ್ಸು. ಹಳೆಯ ಕಾಳು ಒಣಗಿ ಗಟ್ಟಿಯಾಗಿ ನಿಧಾನವಾಗಿ ನೀರು ಹೀರುತ್ತದೆ. ಎರಡನೆಯದು ಊರಿನ ಎತ್ತರ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು, 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸಣ್ಣ ವ್ಯತ್ಯಾಸವೇ ಆದರೂ ಒಂದೆರಡು ನಿಮಿಷ ಹೆಚ್ಚು ಬೇಕಾಗಬಹುದು. ಅಮೆರಿಕದ ಡೆನ್ವರ್‌ನಂಥ 1,600 ಮೀಟರ್ ಎತ್ತರದ ಊರಿನಲ್ಲಿರುವ ಕನ್ನಡಿಗರಿಗೆ ಇದು ಇನ್ನೂ ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ. ಟಿಟಿಕಾಕಾ ಸರೋವರದ ದಡದಲ್ಲಂತೂ ನೀರು ಕುದಿಯುವುದು 87 ಡಿಗ್ರಿಯ ಆಸುಪಾಸಿನಲ್ಲಿ, ಹಾಗಾಗಿ ಕ್ವಿನೋವಾದ ತವರಿನಲ್ಲಿ ಅದನ್ನು ನಮಗಿಂತ ಹೆಚ್ಚು ಹೊತ್ತು ಬೇಯಿಸಬೇಕಾಗುತ್ತದೆ. ಎತ್ತರದ ಊರಿನವರು ನೀರನ್ನೂ ಎರಡು ಮೂರು ಚಮಚ ಹೆಚ್ಚಿಗೆ ಹಾಕಿಕೊಳ್ಳಬೇಕು.

ಮುದ್ದೆಯಾಗಿಬಿಟ್ಟಿದೆ. ಸರಿಪಡಿಸಬಹುದೇ?

ನೀರು ಹೆಚ್ಚಾಗಿದ್ದು ಕಾಳು ಇನ್ನೂ ಒಡೆಯದಿದ್ದರೆ ಕೂಡಲೇ ಜಾಲರಿಯಲ್ಲಿ ಬಸಿದು, ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಆರಲು ಬಿಡಿ. ಕಾಳು ಪೂರ್ತಿ ಕರಗಿದ್ದರೆ ಅದನ್ನು ಉದುರಾಗಿಸಲು ಹೆಣಗುವುದರಲ್ಲಿ ಅರ್ಥವಿಲ್ಲ. ಆಂಡಿಸ್‌ನವರು ಕ್ವಿನೋವಾವನ್ನು ಬೇಕೆಂದೇ ಮೆತ್ತಗೆ ಬೇಯಿಸಿ, ಮಸೆದು, ಹಾಲು ಮತ್ತು ಚೀಸ್ ಸೇರಿಸಿ ‘ಪೆಸ್ಕೆ’ ಎಂಬ ಗಂಜಿ ಮಾಡುತ್ತಾರೆ. ನಮ್ಮಲ್ಲಿ ಅದಕ್ಕೆ ಮಜ್ಜಿಗೆ, ಉಪ್ಪು, ಇಂಗಿನ ಒಗ್ಗರಣೆ ಸೇರಿಸಿದರೆ ಬೇಸಗೆಯ ಮಧ್ಯಾಹ್ನಕ್ಕೆ ಒಪ್ಪುವ ಊಟವಾಗುತ್ತದೆ.

ತಳ ಹಿಡಿದಿದ್ದರೆ ಕೆರೆಯಬೇಡಿ. ಮೇಲಿನ ಕಾಳನ್ನು ಬೇರೆ ಪಾತ್ರೆಗೆ ತೆಗೆದುಕೊಂಡು ತಳದ್ದನ್ನು ಬಿಟ್ಟುಬಿಡಿ. ಬೆಂದಿಲ್ಲವಾದರೆ ಎರಡು ಮೂರು ಚಮಚ ಕುದಿನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಮುಚ್ಚಿಡಿ. ಬೆಂದ ಮೇಲೆ ಕಹಿ ಕಂಡುಬಂದರೆ ನಿಂಬೆರಸ ಅಥವಾ ಮೊಸರು ಅದನ್ನು ತಕ್ಕಮಟ್ಟಿಗೆ ಮರೆಸುತ್ತದೆಯೇ ಹೊರತು ಪೂರ್ತಿ ತೆಗೆಯುವುದಿಲ್ಲ. ಆ ಪೊಟ್ಟಣದ ಉಳಿದ ಕಾಳನ್ನು ನೆನೆಸಿ ತೊಳೆದು ಬಳಸಿ.

ಯಾವುದರ ಜೊತೆ ಬಡಿಸಬೇಕು?

ಪೆರು, ಬೊಲಿವಿಯಾಗಳಲ್ಲಿ ಉದುರಾಗಿ ಬೇಯಿಸಿದ ಕ್ವಿನೋವಾವನ್ನು ‘ಕಿನುವಾ ಗ್ರಾನೆಯಾದಾ’ ಎನ್ನುತ್ತಾರೆ. ಅನ್ನದ ಜಾಗದಲ್ಲಿ, ಮಾಂಸದ ಅಥವಾ ತರಕಾರಿಯ ರಸಭರಿತ ಪದಾರ್ಥಗಳ ಪಕ್ಕಕ್ಕೆ ಅದನ್ನು ಬಡಿಸುವುದು ವಾಡಿಕೆ. ಅದೇ ನಿಯಮ ನಮಗೂ ಸರಿಹೋಗುತ್ತದೆ. ಸಾದಾ ಕ್ವಿನೋವಾ ಒಣ ಸ್ವಭಾವದ್ದು, ಆದ್ದರಿಂದ ಪಕ್ಕದಲ್ಲಿ ರಸವಿರುವ ಪದಾರ್ಥ ಬೇಕು. ತೊಗರಿಬೇಳೆಯ ಹುಳಿ, ಬಸ್ಸಾರು, ತರಕಾರಿ ಸಾಗು, ಕೋಳಿ ಸಾರು, ಮೀನಿನ ಗಸಿ ಇವೆಲ್ಲ ಹೊಂದುತ್ತವೆ. ಬೆಂಡೆಕಾಯಿ ಒಣಪಲ್ಯದಂಥದ್ದರ ಜೊತೆ ಬಡಿಸುವುದಾದರೆ ಒಂದು ಬಟ್ಟಲು ಮೊಸರನ್ನೂ ಇಡಿ.

ತಿಳಿಸಾರಿಗೆ ಮಾತ್ರ ಇದು ಅಷ್ಟಾಗಿ ಒಗ್ಗುವುದಿಲ್ಲ ಎಂದು ನಮಗನ್ನಿಸುತ್ತದೆ. ಅನ್ನದ ಅಗುಳು ಸಾರನ್ನು ಹಿಡಿದಿಟ್ಟುಕೊಂಡು ತುತ್ತಾಗುತ್ತದೆ, ಕ್ವಿನೋವಾ ಕಾಳು ಸಾರಿನಲ್ಲಿ ತೇಲಿ ಚದುರಿಹೋಗುತ್ತದೆ. ಕೈಯಿಂದ ಕಲಸಿ ಉಣ್ಣುವವರು ಗಟ್ಟಿಯಾದ ಪದಾರ್ಥಗಳನ್ನೇ ಆರಿಸಿಕೊಂಡರೆ ತೃಪ್ತಿಯಾಗುತ್ತದೆ.

ಸಾದಾ ಎಂದರೆ ಸಪ್ಪೆಯೇ? ಸ್ವಲ್ಪ ರುಚಿ ಹೆಚ್ಚಿಸಲು ಏನು ಮಾಡಬಹುದು?

ಬೇಯಿಸುವ ನೀರಿಗೇ ಉಪ್ಪು ಹಾಕುವುದು ಮೊದಲ ಉಪಾಯ. ಮೇಲಿನಿಂದ ಹಾಕಿದ ಉಪ್ಪು ಕಾಳಿನ ಒಳಗೆ ಹೋಗುವುದಿಲ್ಲ. ನೀರಿನ ಬದಲು ತರಕಾರಿ ಬೇಯಿಸಿದ ಕಟ್ಟು ಅಥವಾ ಕೋಳಿಯ ಮೂಳೆ ಕುದಿಸಿದ ರಸ ಬಳಸಿದರೆ ಬೇರೇನೂ ಬೇಡ. ಹುರಿಯುವಾಗ ಜಜ್ಜಿದ ಒಂದು ಬೆಳ್ಳುಳ್ಳಿ ಎಸಳು, ಅರ್ಧ ಚಮಚ ಜೀರಿಗೆ ಅಥವಾ ಒಂದು ದಾಲ್ಚಿನ್ನಿ ಎಲೆ ಹಾಕಬಹುದು. ಬಿಡಿಸಿದ ಮೇಲೆ ನಿಂಬೆರಸ, ಹೆಚ್ಚಿದ ಕೊತ್ತಂಬರಿ ಸೊಪ್ಪು ಸೇರಿಸಬಹುದು. ಇಷ್ಟರಲ್ಲಿ ಒಂದೋ ಎರಡೋ ಸಾಕು. ಸಾಸಿವೆ, ಕಡಲೆಬೇಳೆ, ಕ್ಯಾರೆಟ್, ಬಟಾಣಿ ಎಲ್ಲವನ್ನೂ ಸೇರಿಸಿದರೆ ಅದು ಕ್ವಿನೋವಾ ಉಪ್ಪಿಟ್ಟಾಗುತ್ತದೆ. ಅದು ಒಳ್ಳೆಯ ತಿಂಡಿಯೇ, ಆದರೆ ಹುಳಿ, ಪಲ್ಯದ ಪಕ್ಕಕ್ಕೆ ಇಡುವ ಪದಾರ್ಥವಾಗಿ ಉಳಿಯುವುದಿಲ್ಲ.

ಅನ್ನಕ್ಕಿಂತ, ರಾಗಿಗಿಂತ ಇದು ಶ್ರೇಷ್ಠವೇ?

ಸಂಖ್ಯೆಗಳನ್ನು ನೋಡೋಣ. ಬೆಂದ ಕ್ವಿನೋವಾ 100 ಗ್ರಾಂನಲ್ಲಿ ಸುಮಾರು 120 ಕ್ಯಾಲರಿ, 4.4 ಗ್ರಾಂ ಪ್ರೋಟೀನ್ ಮತ್ತು 2.8 ಗ್ರಾಂ ನಾರು ಇರುತ್ತದೆ. ಅದೇ ತೂಕದ ಬಿಳಿ ಅನ್ನದಲ್ಲಿ ಸುಮಾರು 130 ಕ್ಯಾಲರಿ, 2.7 ಗ್ರಾಂ ಪ್ರೋಟೀನ್ ಇದ್ದು ನಾರು ಅತ್ಯಲ್ಪ. ದೇಹ ತಾನಾಗಿ ತಯಾರಿಸಿಕೊಳ್ಳಲಾಗದ ಒಂಬತ್ತು ಅಮೈನೋ ಆಮ್ಲಗಳೂ ಕ್ವಿನೋವಾದಲ್ಲಿ ಇವೆ. ಅಕ್ಕಿ, ಗೋಧಿಗಳಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಇದರಲ್ಲಿ ಚೆನ್ನಾಗಿಯೇ ಸಿಗುತ್ತದೆ. ಆದರೆ ಅನ್ನದ ಜೊತೆ ತೊಗರಿಬೇಳೆ ತಿನ್ನುವವರಿಗೆ ಆ ಲೈಸಿನ್ ಬೇಳೆಯಿಂದಲೇ ಬರುತ್ತದೆ ಎಂಬುದನ್ನೂ ಹೇಳಬೇಕು. ಸುಣ್ಣದ ಅಂಶದಲ್ಲಿ ರಾಗಿ ಕ್ವಿನೋವಾಕ್ಕಿಂತ ಬಹಳ ಮುಂದಿದೆ. ಹೀಗಾಗಿ ರಾಗಿಮುದ್ದೆ, ನವಣೆ ಅನ್ನ ಉಣ್ಣುವವರು ಅದನ್ನು ಬಿಟ್ಟು ದುಬಾರಿಯಾದ ಇದಕ್ಕೆ ಬದಲಾಗಬೇಕಾದ ಅಗತ್ಯವೇನೂ ಇಲ್ಲ. ರುಚಿಗಾಗಿ, ಬದಲಾವಣೆಗಾಗಿ, ಕಾಲು ಗಂಟೆಯಲ್ಲಿ ಬೇಯುವ ಅನುಕೂಲಕ್ಕಾಗಿ ಕ್ವಿನೋವಾ ಮಾಡಿ.

ಮಧುಮೇಹಿಗಳು ತಿನ್ನಬಹುದೇ? ಗ್ಲುಟೆನ್ ಆಗದವರು?

ಕ್ವಿನೋವಾದ ಗ್ಲೈಸೆಮಿಕ್ ಸೂಚ್ಯಂಕ 50ರ ಆಸುಪಾಸಿನಲ್ಲಿರುವುದರಿಂದ ಬಿಳಿ ಅನ್ನಕ್ಕಿಂತ ನಿಧಾನವಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಆದರೂ ಅದರಲ್ಲಿ ಪಿಷ್ಟವೇ ಹೆಚ್ಚು, ಅಳತೆಯಿಲ್ಲದೆ ತಿಂದರೆ ಸಕ್ಕರೆ ಏರದೆ ಇರುವುದಿಲ್ಲ. ಒಂದು ಹೊತ್ತಿಗೆ ಅರ್ಧದಿಂದ ಮುಕ್ಕಾಲು ಕಪ್ ಬೆಂದ ಕಾಳು ಮಿತವಾದ ಪ್ರಮಾಣ. ಔಷಧ ತೆಗೆದುಕೊಳ್ಳುವವರು ತಮ್ಮ ವೈದ್ಯರ ಮಾತನ್ನು ಅನುಸರಿಸಬೇಕು.

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಇದರಲ್ಲಿ ಇಲ್ಲ. ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರು ಮಾತ್ರ, ಗೋಧಿಯನ್ನೂ ಸಂಸ್ಕರಿಸುವ ಗಿರಣಿಯಿಂದ ಬಂದ ಬಿಡಿ ಕಾಳನ್ನು ಕೊಳ್ಳದೆ, ಗ್ಲುಟೆನ್ ಮುಕ್ತ ಎಂದು ನಮೂದಿಸಿದ ಪೊಟ್ಟಣವನ್ನೇ ಆರಿಸಬೇಕು. ಕ್ವಿನೋವಾದಲ್ಲಿ ಆಕ್ಸಲೇಟ್ ಅಂಶವಿರುವುದರಿಂದ ಆ ಬಗೆಯ ಮೂತ್ರಪಿಂಡದ ಕಲ್ಲು ಬಂದಿರುವವರೂ ವೈದ್ಯರನ್ನು ಕೇಳುವುದು ಒಳ್ಳೆಯದು.

ಏಕಾದಶಿಯಂಥ ಉಪವಾಸದ ದಿನ ಇದನ್ನು ತಿನ್ನಬಹುದೇ?

ಸಸ್ಯಶಾಸ್ತ್ರದ ಪ್ರಕಾರ ಇದು ಅಕ್ಕಿ, ಗೋಧಿಯಂಥ ಧಾನ್ಯವಲ್ಲ ಎಂಬ ಕಾರಣಕ್ಕೆ ಕೆಲವರು ರಾಜಗಿರಾದಂತೆ ಇದನ್ನೂ ಫಲಾಹಾರದಲ್ಲಿ ಸೇರಿಸಿಕೊಳ್ಳುತ್ತಾರೆ. ಏಕಾದಶಿಯಂದು ನಿರಾಹಾರವಿರುವ ಮನೆಗಳಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ. ವ್ರತದ ನಿಯಮಗಳು ರೂಪುಗೊಂಡ ಕಾಲದಲ್ಲಿ ಈ ಕಾಳು ನಮ್ಮ ನಾಡಿನಲ್ಲಿ ಇರಲಿಲ್ಲವಾದ್ದರಿಂದ ಹಿಂದಿನ ಆಧಾರ ಹುಡುಕುವುದಕ್ಕಿಂತ ಮನೆಯ ಹಿರಿಯರ ಅಭಿಪ್ರಾಯದಂತೆ ನಡೆಯುವುದು ಸೂಕ್ತ.

ಮಿಕ್ಕಿದ್ದನ್ನು ಎಷ್ಟು ದಿನ ಇಡಬಹುದು?

ಬೆಂದ ಕ್ವಿನೋವಾವನ್ನು ಒಲೆಯ ಪಕ್ಕದಲ್ಲೇ ಸಂಜೆಯವರೆಗೆ ಬಿಡಬಾರದು. ಅನ್ನದಲ್ಲಿ ಬೆಳೆಯುವಂಥ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಯಾವುದೇ ಬೆಂದ ಪಿಷ್ಟದ ಕಾಳಿನಲ್ಲೂ ಬೆಳೆಯಬಹುದು. ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿ. ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಫ್ರೀಜರ್‌ನಲ್ಲಾದರೆ ಒಂದು ಹೊತ್ತಿನ ಅಳತೆಯ ಚಪ್ಪಟೆ ಪೊಟ್ಟಣಗಳನ್ನು ಮಾಡಿ ಎರಡು ತಿಂಗಳವರೆಗೆ ಇಡಬಹುದು. ಮತ್ತೆ ಬಿಸಿ ಮಾಡುವಾಗ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಹಬೆಯಾಡುವವರೆಗೆ ಕಾಯಿಸಿ.

ಹಸಿ ಕಾಳಿನಲ್ಲಿ ಆರು ಶೇಕಡಾದಷ್ಟು ಕೊಬ್ಬಿರುವುದರಿಂದ ಅಕ್ಕಿಯಂತೆ ಅದನ್ನು ವರ್ಷಗಟ್ಟಲೆ ಇಡಲಾಗದು. ಬಿಸಿಲು ತಾಗದ ಕಡೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಆಗಾಗ ಮೂಸಿ ನೋಡಿ. ಹಳೆಯ ಎಣ್ಣೆಯ ವಾಸನೆ ಬಂದರೆ ಎಷ್ಟು ತೊಳೆದರೂ ಆ ಕಾಳು ಅಡುಗೆಗೆ ಬಾರದು.